ಮಾವನ ಟಿವಿ ಡಿಬೇಟು, ಮಗಳ ಹೋಂವರ್ಕು, ನನಗೆ ಸಿಗೋ ಅರ್ಧ ಗಂಟೆ

ಎರಡು_ಡಬ್ಬಿ ಕೇಳಿದ್ದು:

ಊರು ತುಮಕೂರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ, ಜೊತೆಗೆ ಮಾವ. ಟಿವಿ ಇರೋದೂ ಹಾಲ್‌ನಲ್ಲಿ, ಹೋಂವರ್ಕ್ ನಡೆಯೋದೂ ಹಾಲ್‌ನಲ್ಲಿ. ಸಂಜೆ ಏಳಕ್ಕೆ ಶುರುವಾದ ಡಿಬೇಟು ಒಂಬತ್ತಕ್ಕೂ ಮುಗಿಯಲ್ಲ. ಪರದೆ ಮೇಲೆ ಎಂಟು ಚೌಕ, ಎಂಟರಲ್ಲೂ ಬಾಯಿ ತೆರೆದೇ ಇರುತ್ತೆ. ಇತ್ತ ಮಗಳು "ಏಳೇಳ್ಲ ನಲವತ್ತೊಂಬತ್ತು" ಅನ್ನೋ ಹೊತ್ತಿಗೆ ಅತ್ತ ಯಾರೋ "ಎಪ್ಪತ್ತು ವರ್ಷ ಏನ್ ಮಾಡಿದ್ರಿ" ಅಂತಾರೆ, ಮಗ್ಗಿ ಎಪ್ಪತ್ತಕ್ಕೆ ಹಾರುತ್ತೆ.

ರಾಜಕೀಯವೇ ಬೇಡ ಅನ್ನೋ ಪೈಕಿ ನಾನಲ್ಲ. ಅಕ್ಕಿ ಮೂಟೆ, ನೋಟ್‌ಬುಕ್ಕು, ಸ್ಕೂಲಿನ ಫಾರಂ, ಎಲ್ಲಕ್ಕೂ ದೆಹಲಿಯ ನಂಟಿದೆ. ಸಿಟ್ಟು ಯಾಕಂದ್ರೆ, ಎರಡು ಗಂಟೆ ಡಿಬೇಟಿನಲ್ಲಿ ಇವು ಒಂದೂ ಬರಲ್ಲ. ಜಿಎಸ್‌ಟಿ ಇಳಿದು ಎಲ್ಲ ಅಗ್ಗ ಆಯ್ತು ಅಂತ ಮಾವ, ಏನೂ ಇಳಿದಿಲ್ಲ ಅಂತ ಮೈದುನ. ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಇದೇ ರಾಮಾಯಣ. ಬಿಲ್ ನೋಡಿ ನಿಜ ತಿಳ್ಕೊಳ್ಳೋದು ಹೇಗೆ? ಸ್ಕೂಲಿನಿಂದ ಅಪಾರ್ ಐಡಿಗೆ, ಅಂದ್ರೆ ಮಕ್ಕಳ ಓದಿನ ದಾಖಲೆಗೆ ಕೊಡೋ ನಂಬರಿಗೆ, ಒಪ್ಪಿಗೆ ಪತ್ರ ಬಂದಿದೆ. ಮಗಳ ಹೆಸರು ಆಧಾರ್‌ನಲ್ಲಿ ಒಂಥರ, ಶಾಲೆಯ ದಾಖಲಾತಿಯಲ್ಲಿ ಒಂಥರ. ಕೊನೇದು, ನನಗೆ ವಾರಕ್ಕೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ, ಗೊಣಗೋದು ಬಿಟ್ಟು, ಸರ್ಕಾರದಿಂದ ಬರವಣಿಗೆಯಲ್ಲಿ ಉತ್ತರ ತರಿಸೋ ದಾರಿ ಯಾವುದು? ಉಪದೇಶ ಬೇಡ, ಏನೇನು ಮಾಡಬೇಕು ಅಂತ ಬಿಡಿಸಿ ಹೇಳಿ.

ಸ್ಪೀಕರ್_ಆಫ್:

ಮೊದಲು ಟಿವಿ, ಅದು ಸುಲಭ. ಮಾವನವರ ಹತ್ತಿರ ರಿಮೋಟ್ ಕಿತ್ಕೊಳ್ಳೋಕೆ ಹೋಗ್ಬೇಡಿ, ಸದ್ದು ಹೋಗೋ ದಾರಿ ಬದಲಿಸಿ. ಸ್ಮಾರ್ಟ್ ಟಿವಿ ಆದರೆ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಔಟ್‌ಪುಟ್ ತೆರೆದು ಬ್ಲೂಟೂತ್ ಹೆಡ್‌ಫೋನ್ ಜೋಡಿಸಿ. ಸಾಮಾನ್ಯವಾಗಿ ಹೆಡ್‌ಫೋನ್ ಸೇರಿದ ತಕ್ಷಣ ಟಿವಿ ಸ್ಪೀಕರ್ ತಾನಾಗೇ ಬಂದ್ ಆಗುತ್ತೆ, ನಿಮಗೆ ಬೇಕಾಗಿರೋದೂ ಅದೇ.

ಟಿವಿಯಲ್ಲಿ ಬ್ಲೂಟೂತ್ ಇಲ್ಲದಿದ್ದರೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಅಂತ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಗುತ್ತೆ. ಕೊಳ್ಳುವಾಗ ಅದು "ಟ್ರಾನ್ಸ್‌ಮಿಟರ್" ಹೌದೋ ಅಲ್ಲವೋ ನೋಡಿ. ಅಂಗಡಿಯಲ್ಲಿ ಕಾರಿಗೆ ಹಾಕೋ "ರಿಸೀವರ್" ಕೊಟ್ಟು ಕಳಿಸ್ತಾರೆ, ಅದು ಉಲ್ಟಾ ಕೆಲಸದ್ದು. ಟಿವಿಯ ಹೆಡ್‌ಫೋನ್ ತೂತಿಗೆ ಅಥವಾ ಆಪ್ಟಿಕಲ್ ತೂತಿಗೆ ಸಿಕ್ಕಿಸಿ. ಕರೆಂಟು ಟಿವಿಯ ಯುಎಸ್‌ಬಿಯಿಂದಲೇ ಕೊಡಿ, ಟಿವಿ ಆರಿದಾಗ ಅದೂ ಆರುತ್ತೆ. ಆಪ್ಟಿಕಲ್ ಹಾಕಿದರೆ ಎಷ್ಟೋ ಸಲ ಸದ್ದೇ ಬರಲ್ಲ. ಟಿವಿಯ ಡಿಜಿಟಲ್ ಆಡಿಯೊ ಡಾಲ್ಬಿಯಲ್ಲಿರುತ್ತೆ, ಅದನ್ನ ಪಿಸಿಎಂಗೆ ಬದಲಿಸಿದರೆ ಸರಿಹೋಗುತ್ತೆ.

ಕಿವಿಯೊಳಗೆ ತುರುಕೋ ಸಣ್ಣ ಬಡ್ಸ್ ಹಿರಿಯರಿಗೆ ಬೇಡ, ಬಿದ್ದು ಸೋಫಾ ಸಂದಿ ಸೇರುತ್ತೆ. ಕಿವಿ ಪೂರ್ತಿ ಮುಚ್ಚೋ ಮೆತ್ತನೆಯದು ತನ್ನಿ. ಬ್ಲೂಟೂತ್‌ನಲ್ಲಿ ಸದ್ದು ಚೂರು ತಡವಾಗಿ ಬರುತ್ತೆ, ತುಟಿಗೂ ಮಾತಿಗೂ ಒಂದು ಚೂರು ಹೊಂದಲ್ಲ. ಸಿನಿಮಾ ಆದರೆ ಕಿರಿಕಿರಿ, ಡಿಬೇಟಿಗೆ ಏನೂ ಆಗಲ್ಲ, ಅಲ್ಲಿ ಯಾರ ಮಾತು ಯಾರ ಬಾಯಿಂದ ಅಂತ ಹೇಗೂ ತಿಳಿಯಲ್ಲ. ಮಗಳನ್ನು ಟಿವಿಗೆ ಬೆನ್ನು ಹಾಕಿ ಕೂರಿಸಿ. ಸದ್ದು ಹೋದರೂ ಕೆಳಗೆ ಓಡೋ ಕೆಂಪು ಪಟ್ಟಿ ಕಣ್ಣು ಎಳೆಯುತ್ತೆ.

ಬಿಲ್_ಓದಿ:

ಮಾವನೂ ಸರಿ, ಮೈದುನನೂ ಸರಿ. ಇಬ್ಬರೂ ಬೇರೆ ಬೇರೆ ಸಾಮಾನು ಹಿಡ್ಕೊಂಡು ಮಾತಾಡ್ತಿದಾರೆ ಅಷ್ಟೆ.

ಜಿಎಸ್‌ಟಿಯ ಹೊಸ ದರ ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 22ಕ್ಕೆ. ನಿಮ್ಮಂಥ ಮನೆಯ ಪಟ್ಟಿಗೆ ಹೊಂದಿಸಿ ಹೇಳೋದಾದರೆ ನೋಟ್‌ಬುಕ್ಕು, ಪೆನ್ಸಿಲ್ಲು, ಮೆಂಡರ್, ರಬ್ಬರ್, ಕ್ರೇಯಾನ್ಸ್, ಭೂಪಟ ಸೊನ್ನೆಗೆ ಬಂದವು. ಜಾಮಿಟ್ರಿ ಬಾಕ್ಸ್, ಸ್ಟೀಲ್ ಡಬ್ಬಿ, ತುಪ್ಪ, ಬೆಣ್ಣೆ ಶೇ. 12ರಿಂದ 5ಕ್ಕೆ. ಸೋಪು, ಪೇಸ್ಟು, ಶಾಂಪೂ, ತಲೆಗೆ ಹಚ್ಚೋ ಎಣ್ಣೆ 18ರಿಂದ 5ಕ್ಕೆ. ಪ್ಯಾಕೆಟ್ ಪನೀರ್ 5ರಿಂದ ಸೊನ್ನೆಗೆ. ಜೋಡಿಗೆ 2,500 ರೂಪಾಯಿವರೆಗಿನ ಶೂಗೆ 5. ಇಷ್ಟು ಮಾವನ ಪಟ್ಟಿ. ಇನ್ನು ಬಾಲ್ ಪೆನ್ನು 18ರಲ್ಲೇ ಉಳಿದಿದೆ, ಕೋಚಿಂಗ್ ಫೀಸೂ 18ರಲ್ಲೇ. ದಿನಾ ಬರೋ ಪ್ಯಾಕೆಟ್ ಹಾಲಿಗೆ ಮೊದಲೂ ತೆರಿಗೆ ಇರಲಿಲ್ಲ, ಹಾಗಾಗಿ ಇಳಿಯೋಕೂ ಏನಿಲ್ಲ. ಇದು ಮೈದುನನ ಪಟ್ಟಿ.

ಲೆಕ್ಕದಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. 18ರಿಂದ 5ಕ್ಕೆ ಇಳಿದರೆ ನೂರು ರೂಪಾಯಿ ಪೇಸ್ಟು 87 ಆಗಬೇಕು ಅಂದ್ಕೊಳ್ತಾರೆ. ಅಲ್ಲ. ಎಂಆರ್‌ಪಿಯೊಳಗೆ ತೆರಿಗೆ ಸೇರಿರುತ್ತೆ. 118 ಇದ್ದದ್ದು 105 ಆಗಬೇಕು, ಅಂದರೆ ನೂರಕ್ಕೆ ಸುಮಾರು 11 ಇಳಿಬೇಕು, 89 ಆಗಬೇಕು. 12ರಿಂದ 5 ಆದದ್ದಕ್ಕೆ ನೂರಕ್ಕೆ ಆರೂಕಾಲು. ನೋಟ್‌ಬುಕ್ಕಿಗೆ ಲೆಕ್ಕದ ಪ್ರಕಾರ ಹತ್ತೂಮುಕ್ಕಾಲು ಇಳಿಬೇಕು, ಪೂರ್ತಿ ಇಳಿಯೋದು ಕಷ್ಟ. ಮಾಲಿಗೆ ತೆರಿಗೆ ಸೊನ್ನೆಯಾದರೆ ತಯಾರಕ ತಾನು ಕೊಳ್ಳೋ ಯಂತ್ರ, ಪ್ಯಾಕಿಂಗ್, ಸೇವೆಗಳ ಮೇಲೆ ಕಟ್ಟಿದ ತೆರಿಗೆ ವಾಪಸ್ ಹೊಂದಿಸಿಕೊಳ್ಳೋಕೆ ಆಗಲ್ಲ, ಅದನ್ನ ಬೆಲೆಯಲ್ಲೇ ಸೇರಿಸ್ತಾನೆ.

ತುಪ್ಪ ನೋಡಿ. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು ಆ ಸೆಪ್ಟೆಂಬರ್‌ನಲ್ಲಿ 610 ಆಯ್ತು, ನವೆಂಬರ್‌ನಲ್ಲಿ 700 ಆಯ್ತು. ಮೊದಲನೆಯದು ತೆರಿಗೆ, ಎರಡನೆಯದು ಕೆಎಂಎಫ್ ಏರಿಸಿದ ಬೆಲೆ. ಡಬ್ಬಿ ಮೇಲಿನ ಒಂದೇ ಅಂಕಿ ನೋಡಿದರೆ ಎರಡೂ ಕಲಸಿಹೋಗುತ್ತೆ.

ಅಕ್ಕಿಯದು ಬೇರೆ ಕಥೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ, 25 ಕೆಜಿವರೆಗೆ, ಶೇ. 5 ತೆರಿಗೆ, 25 ದಾಟಿದರೆ ಇಲ್ಲ. ಅಂಗಡಿಯಲ್ಲಿ 26 ಕೆಜಿ ಮೂಟೆ ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ಲ. ಕೆಜಿಗೆ 60ರ ಅಕ್ಕಿ 25 ಕೆಜಿ ಚೀಲಕ್ಕೆ 1,500, ಮೇಲೆ 75 ತೆರಿಗೆ. 26ರ ಮೂಟೆಗೆ 1,560, ಅಷ್ಟೆ. ಒಂದು ಕೆಜಿ ಜಾಸ್ತಿ, 15 ರೂಪಾಯಿ ಕಮ್ಮಿ. ಮೂಟೆಯೊಳಗೆ ಹತ್ತತ್ತು ಕೆಜಿಯ ಚಿಲ್ಲರೆ ಪ್ಯಾಕೆಟ್ ಇದ್ದರೆ ಈ ವಿನಾಯಿತಿ ಇಲ್ಲ. ಪ್ಯಾಕೆಟ್ ಮೊಸರಿಗೂ ಅಂದಿನಿಂದಲೇ ಶೇ. 5.

ಬಿಲ್ಲಿನ ಕೊನೆಯಲ್ಲಿ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಅಂತಿದ್ದರೆ ಒಟ್ಟು 5. ಬೀದಿ ಕೊನೆಯ ಅಂಗಡಿಯವರು ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳು ಗಿರಾಕಿಯಿಂದ ತೆರಿಗೆ ವಸೂಲಿ ಮಾಡದೆ ತಾವೇ ಕಟ್ಟೋ ವ್ಯವಸ್ಥೆ) ಇದ್ದರೆ ಬಿಲ್ಲಿನಲ್ಲಿ ಈ ಸಾಲೇ ಇರಲ್ಲ, ಅದು ಮೋಸ ಅಲ್ಲ. ಇನ್ನೊಂದು, ಊಟದ ಹೊತ್ತಿನ ಜಗಳಕ್ಕೆ ಉಪಯೋಗಕ್ಕೆ ಬರುತ್ತೆ: ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳೆಲ್ಲ ಸೇರಿ ಮೂರನೇ ಎರಡು, ತೀರ್ಮಾನಕ್ಕೆ ಮುಕ್ಕಾಲು ಪಾಲು ಬೇಕು. ಕೇಂದ್ರ ಒಪ್ಪದೆ ಏನೂ ಆಗಲ್ಲ, ಕೇಂದ್ರವೊಂದೇ ಏನೂ ಮಾಡೋಕಾಗಲ್ಲ.

ಸದನದ_ಕಿಟಕಿ:

ಬರವಣಿಗೆಯಲ್ಲಿ ಉತ್ತರ ಬೇಕು ಅಂದಿರಿ. ಇರೋ ದಾರಿಗಳಲ್ಲಿ ಚೆನ್ನಾಗಿರೋದು, ಜನ ಕಡಿಮೆ ಬಳಸೋದು, ಸಂಸದರ ಪ್ರಶ್ನೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12 ಪ್ರಶ್ನೋತ್ತರ ಕಲಾಪ, ರಾಜ್ಯಸಭೆಯಲ್ಲಿ 12ರಿಂದ 1. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅವಕ್ಕೆ ಸಚಿವರು ನಿಂತು ಉತ್ತರಿಸ್ತಾರೆ. 230 ಚುಕ್ಕೆ ರಹಿತ ಪ್ರಶ್ನೆ, ಅವಕ್ಕೆ ಲಿಖಿತ ಉತ್ತರ. ಗದ್ದಲ ಆಗಿ ಚುಕ್ಕೆ ಗುರುತಿನ ಪ್ರಶ್ನೆಯ ಸರದಿ ಬರದೇ ಹೋದರೂ ಅದಕ್ಕೂ ಲಿಖಿತ ಉತ್ತರ ಸಿಗುತ್ತೆ. ಟಿವಿಯವರು ತೋರಿಸೋದು ಗದ್ದಲ ಮಾತ್ರ. ಸನ್ಸದ್ ಡಾಟ್ ಇನ್ ಜಾಲತಾಣದಲ್ಲಿ ಸಚಿವಾಲಯದ ಹೆಸರು, ದಿನಾಂಕ ಹಾಕಿ ಹುಡುಕಿದರೆ ಅದೇ ದಿನದ ಉತ್ತರಗಳೆಲ್ಲ ಪಿಡಿಎಫ್‌ನಲ್ಲಿ ಇರುತ್ತವೆ, ರಾಜ್ಯವಾರು ಪಟ್ಟಿ ಸಮೇತ. ನಿಮ್ಮ ಅರ್ಧ ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಅಲ್ಲಿ ಹುಡುಕಿ. ಅರ್ಧಕ್ಕರ್ಧ ಸಲ ನಿಮ್ಮ ಪ್ರಶ್ನೆ ಯಾರೋ ಆಗಲೇ ಕೇಳಿರ್ತಾರೆ.

ಇಲ್ಲದಿದ್ದರೆ ಸಂಸದರಿಗೆ ಒಂದೇ ಪುಟ ಬರೀರಿ. ಪ್ರಶ್ನೆ 150 ಪದ ದಾಟಬಾರದು, ಕೇಂದ್ರ ಸರ್ಕಾರದ ವ್ಯಾಪ್ತಿಯದ್ದೇ ಆಗಿರಬೇಕು, ಅಭಿಪ್ರಾಯ ಕೇಳಬಾರದು, ಅಂಕಿ ಅಥವಾ ಕ್ರಮ ಕೇಳಬೇಕು. ಸದನದ ಪ್ರಶ್ನೆಗಳ ಅಚ್ಚು ಹೀಗಿರುತ್ತೆ: "ಶಿಕ್ಷಣ ಸಚಿವರು ತಿಳಿಸುವರೇ: (ಎ) ಆಧಾರ್ ಮತ್ತು ಶಾಲಾ ದಾಖಲೆಯ ಹೆಸರು ಹೊಂದದೆ ಅಪಾರ್ ಐಡಿ ಬಾಕಿ ಇರುವ ವಿದ್ಯಾರ್ಥಿಗಳ ಸಂಖ್ಯೆ, ಕರ್ನಾಟಕದಲ್ಲಿ ಜಿಲ್ಲಾವಾರು, (ಬಿ) ಇನಿಷಿಯಲ್ ಬಳಸುವ ರಾಜ್ಯಗಳಿಗೆ ಬೇರೆ ಮಾರ್ಗಸೂಚಿ ಇದೆಯೇ, (ಸಿ) ಇದ್ದಲ್ಲಿ ಅದರ ವಿವರ." ಪತ್ರ ಕನ್ನಡದಲ್ಲಿರಲಿ, ಪ್ರಶ್ನೆಯ ಕರಡು ಮಾತ್ರ ಇಂಗ್ಲಿಷಿನಲ್ಲಿ ಲಗತ್ತಿಸಿ. ಸಂಸದರ ಆಪ್ತ ಸಹಾಯಕರಿಗೆ ಅನುವಾದದ ಕೆಲಸ ಬಿದ್ದರೆ ನಿಮ್ಮ ಪತ್ರ ಫೈಲಿನ ತಳ ಸೇರುತ್ತೆ.

ಸಮಯ ಮುಖ್ಯ. ಪ್ರಶ್ನೆಯ ಸೂಚನೆಯನ್ನು ಕನಿಷ್ಠ 15 ಪೂರ್ಣ ದಿನ ಮೊದಲು ಕೊಡಬೇಕು, ಯಾವ ಸಚಿವಾಲಯಕ್ಕೆ ಯಾವ ದಿನ ಅಂತ ನಿಗದಿ ಇರುತ್ತೆ, ಆಮೇಲೆ ಚೀಟಿ ಎತ್ತಿ ಆರಿಸ್ತಾರೆ. ಅಧಿವೇಶನ ಶುರುವಾದ ಮೇಲೆ ಪತ್ರ ಹಾಕಿದರೆ ಬಸ್ಸು ಹೋದ ಮೇಲೆ ಕೈ ಎತ್ತಿದ ಹಾಗೆ. ಒಂದೂವರೆ ತಿಂಗಳು ಮೊದಲೇ ಕಳಿಸಿ. ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ಬಂದರೆ ಕೈ ಚೆಲ್ಲಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ ಅಂತ ದಾಖಲಾಗುತ್ತೆ, ಮೂರು ತಿಂಗಳಲ್ಲಿ ಪೂರೈಸಬೇಕು, ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತೆ.

ನಿಮ್ಮ ಊರಿಗೆ ಒಂದು ತೊಡಕಿದೆ. ತುಮಕೂರಿನ ಸಂಸದ ವಿ. ಸೋಮಣ್ಣ 2024ರ ಜೂನ್‌ನಲ್ಲಿ ಕೇಂದ್ರ ಸಚಿವರಾದರು. ಸಚಿವರು ಉತ್ತರ ಕೊಡೋ ಕಡೆಯವರು, ಪ್ರಶ್ನೆ ಕೇಳೋ ಹಾಗಿಲ್ಲ. ಧಾರವಾಡ, ಮಂಡ್ಯ, ಬೆಂಗಳೂರು ಉತ್ತರದಲ್ಲಿ ಗೆದ್ದವರೂ ಆಗ ಸಚಿವರಾದರು. ಅಲ್ಲಿನವರು ರಾಜ್ಯಸಭೆಗೆ ಹೋಗಬೇಕು: ಕರ್ನಾಟಕಕ್ಕೆ 12 ಸ್ಥಾನ ಇವೆ, ಸಚಿವರಲ್ಲದವರನ್ನು ಆರಿಸ್ಕೊಳ್ಳಿ. ಪಕ್ಷ ನೋಡಬೇಡಿ. ಅಂಕಿ ಸಿದ್ಧ ಇರೋ ಪ್ರಶ್ನೆ ಕೈಗೆ ಕೊಟ್ಟರೆ ಯಾವ ಪಕ್ಷದವರಿಗೂ ಬೇಡ ಅನ್ನಿಸಲ್ಲ.

ಬಾಗಿಲು_ನಂಬರ್:

ಮೇಲಿನದಕ್ಕೆ ಒಂದು ತಕರಾರು. ಖಾಸಗಿ ಶಾಲೆ ಫೀಸು, ಒಂದನೇ ಕ್ಲಾಸಿಗೆ ಸೇರಿಸೋ ವಯಸ್ಸು, ಇವು ಸಂಸತ್ತಿನಲ್ಲಿ ಕೇಳಿದರೆ ಪ್ರಯೋಜನ ಇಲ್ಲ. ಫೀಸಿನ ದೂರು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗಬೇಕು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋದು ರಾಜ್ಯದ ಆದೇಶ. 2025-26ಕ್ಕೆ ಐದು ವರ್ಷ ಐದು ತಿಂಗಳು ಅಂತ ಸಡಿಲಿಸಿದ್ದೂ ರಾಜ್ಯವೇ. ಯುಕೆಜಿ ಮಗ ಇದ್ದಾನೆ ಅಂದಿರಿ, ಅವನನ್ನ ಸೇರಿಸೋ ವರ್ಷದ ಸುತ್ತೋಲೆಯ ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದಲೇ ತಗೊಳ್ಳಿ, ಗ್ರೂಪಿಗೆ ಬಂದ ಫೋಟೋ ನಂಬಬೇಡಿ.

ಆರ್‌ಟಿಐಗೂ, ಅಂದರೆ ಮಾಹಿತಿ ಹಕ್ಕಿನ ಅರ್ಜಿಗೂ, ಬಾಗಿಲು ಎರಡು, ಒಂದು ಕೇಂದ್ರದ್ದು, ಒಂದು ರಾಜ್ಯದ್ದು. ಎರಡಕ್ಕೂ ಶುಲ್ಕ 10 ರೂಪಾಯಿ, ಗಡುವು 30 ದಿನ. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾಲ್ಕು ವಿಷಯ ತುರುಕಿದರೆ ಒಂದಕ್ಕೆ ಉತ್ತರ ಕೊಟ್ಟು ಉಳಿದದ್ದು ಬಿಡ್ತಾರೆ. "ಯಾಕೆ ಮಾಡಿಲ್ಲ" ಅಂತ ಬರೀಬೇಡಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಬರುತ್ತೆ. "ಇಂಥ ವಿಷಯದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಅಂತ ಬರೀರಿ. ಉತ್ತರ ಬರದಿದ್ದರೆ, ಆ ಗಡುವು ಮುಗಿದ ಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ. ಇದನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೊಳ್ಳಿ, ಮನೆ ಕೆಲಸದ ನಡುವೆ ತಪ್ಪಿಹೋಗೋದೇ ಈ ತಾರೀಖು.

ದಾಖಲಾತಿ_ಡೆಸ್ಕ್:

ಅಪಾರ್‌ಗೆ ತಂದೆ ತಾಯಿ ಒಪ್ಪಿಗೆ ಬೇಕು, ಕಡ್ಡಾಯ ಅಲ್ಲ, ಕೊಟ್ಟ ಒಪ್ಪಿಗೆ ಹಿಂತೆಗೆದುಕೊಳ್ಳೋ ಅವಕಾಶವೂ ಇದೆ. ಕೊಡೋದಾದರೆ ಮೊದಲು ಹೆಸರು ಸರಿಮಾಡಿ. ಯುಡೈಸ್ ಪ್ಲಸ್‌ನಲ್ಲಿ (ಶಾಲೆಗಳು ಮಕ್ಕಳ ವಿವರ ತುಂಬೋ ಸರ್ಕಾರಿ ಜಾಲತಾಣ) ಶಾಲೆ ಹಾಕಿರೋ ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ಆಧಾರ್ ಜೊತೆ ಹೊಂದಬೇಕು. ನಮ್ಮ ಕಡೆ ಮುಗ್ಗರಿಸೋದು ಇನಿಷಿಯಲ್‌ನಲ್ಲಿ. ಶಾಲೆಯಲ್ಲಿ "ಅನನ್ಯ ಕೆ ಆರ್" ಅಂತಿರುತ್ತೆ, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿರ್ತಾರೆ, ಇಲ್ಲಾ ಚುಕ್ಕಿ, ಜಾಗ ಹೆಚ್ಚುಕಮ್ಮಿ ಆಗಿರುತ್ತೆ. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಒಂದು ಅಕ್ಷರ ಜಾಸ್ತಿ ಇದ್ದರೂ ಹೊಂದಲ್ಲ.

ಜನನ ಪ್ರಮಾಣಪತ್ರ ಎದುರಿಗಿಟ್ಟುಕೊಂಡು ಎರಡನ್ನೂ ಹೋಲಿಸಿ. ಯಾವುದು ಅದರಂತಿಲ್ಲವೋ ಅದನ್ನ ತಿದ್ದಿಸಿ. ಶಾಲೆಯದು ತಪ್ಪಾದರೆ ಮುಖ್ಯೋಪಾಧ್ಯಾಯರಿಗೆ ಅರ್ಜಿ ಮತ್ತು ಪ್ರಮಾಣಪತ್ರದ ನಕಲು ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಆಧಾರ್‌ದು ತಪ್ಪಾದರೆ ಸೇವಾ ಕೇಂದ್ರಕ್ಕೆ ಹೋಗಿ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಎರಡು ಸಲ, ಹುಟ್ಟಿದ ದಿನಕ್ಕೆ ಒಂದೇ ಸಲ ಅವಕಾಶ. ಅವಸರದಲ್ಲಿ ಆಪರೇಟರ್ ಟೈಪಿಸಿದ್ದಕ್ಕೆ ಹೂಂ ಅನ್ನಬೇಡಿ. ಪರದೆ ನಿಮ್ಮ ಕಡೆ ತಿರುಗಿಸಿ ಅಕ್ಷರ ಅಕ್ಷರ ಓದಿ.

ಮಗನಿಗೆ ಐದು ತುಂಬಿದ್ದರೆ ಬೆರಳಚ್ಚು, ಕಣ್ಣಿನ ಅಪ್‌ಡೇಟ್ ಆಗಲೇಬೇಕು. ಐದರಿಂದ ಏಳರೊಳಗೆ ಉಚಿತ. ಹೆಸರಿನಲ್ಲಿ ತಪ್ಪಿದ್ದರೆ ಅದರ ಜೊತೆಯಲ್ಲೇ ತಿದ್ದಿಸಿ, ಬೇರೆ ಶುಲ್ಕ ಬೀಳಲ್ಲ. ಬೇರೆ ದಿನ ಬರೀ ಹೆಸರಿಗೆ ಹೋದರೆ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಮಕ್ಕಳ ಕೈಗೆ ಮೆಹಂದಿ ಹಾಕಿದ ವಾರ ಹೋಗಬೇಡಿ.

ಗೊಜ್ಜು_ಜಾಡಿ:

ಎಲ್ಲರೂ ಅರ್ಧ ಗಂಟೆ ಎಲ್ಲಿ ಖರ್ಚು ಮಾಡೋದು ಹೇಳಿದ್ರಿ, ಅದು ಬರೋದು ಎಲ್ಲಿಂದ ಅಂತ ಯಾರೂ ಹೇಳಲಿಲ್ಲ. ಬೆಳಗಿನ ಡಬ್ಬಿಯಿಂದ ಬರುತ್ತೆ. ಭಾನುವಾರ ಪುಳಿಯೋಗರೆ ಗೊಜ್ಜು ಮಾಡಿಟ್ಟರೆ ವಾರಕ್ಕೆ ಎರಡು ದಿನ ಬರೀ ಅನ್ನ ಮಾಡಿದರೆ ಸಾಕು. ಹುಣಸೆಹಣ್ಣು 100 ಗ್ರಾಂ, ಎರಡು ಲೋಟ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಿ. 100 ಎಂಎಲ್ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಕರಿಬೇವು, ಇಂಗು, ಅರಿಶಿನ. ಹುಣಸೆ ರಸ ಸುರಿದು, ಎರಡು ಚಮಚ ಉಪ್ಪು, ನಿಂಬೆ ಗಾತ್ರದ ಬೆಲ್ಲ, ಕೊನೆಗೆ ನಾಲ್ಕು ಚಮಚ ಪುಳಿಯೋಗರೆ ಪುಡಿ. ಸಣ್ಣ ಉರಿಯಲ್ಲಿ ಎಣ್ಣೆ ಅಂಚಿಗೆ ಬಿಟ್ಟುಕೊಂಡು, ಸೌಟು ಎಳೆದ ಗೆರೆ ಮುಚ್ಚದೆ ನಿಲ್ಲೋ ತನಕ ಕುದಿಸಿ. ಬೂಷ್ಟು ಬರೋದು ನೀರಿನಂಶ ಉಳಿದಾಗ, ಇಲ್ಲಾ ಒದ್ದೆ ಚಮಚ ಹಾಕಿದಾಗ. ಕೊಬ್ಬರಿ, ಕಡಲೆಬೀಜ ಗೊಜ್ಜಿಗೆ ಸೇರಿಸಬೇಡಿ, ಕಲಸುವಾಗ ಹಾಕಿ, ಇಲ್ಲದಿದ್ದರೆ ಕೊಬ್ಬರಿ ಕಮಟು ಹಿಡಿಯುತ್ತೆ. ಫ್ರಿಜ್‌ನಲ್ಲಿ ತಿಂಗಳು ಇರುತ್ತೆ. ಎರಡು ಬೆಳಿಗ್ಗೆ ಹದಿನೈದು ಹದಿನೈದು ನಿಮಿಷ, ಆಯ್ತಲ್ಲ ಲೆಕ್ಕ.

ಬಿಲ್_ಓದಿ:

ಕಡಲೆಬೇಳೆ ಬಿಡಿಯಾಗಿ ತೂಗಿಸಿಕೊಂಡರೆ ತೆರಿಗೆ ಇಲ್ಲ, ಲೇಬಲ್ ಪ್ಯಾಕೆಟ್ಟಿಗೆ 5. ಅಭ್ಯಾಸಬಲ, ಕ್ಷಮಿಸಿ.

ಮ್ಯೂಟ್_ಮಾವಳ್ಳಿ:

ಗ್ರೂಪಿನ ವಿಷಯ ಉಳಿದಿದೆ. ಬಿಟ್ಟು ಹೊರಗೆ ಬರಬೇಡಿ, ಅದೇ ಇನ್ನೊಂದು ಜಗಳ. ಮ್ಯೂಟ್‌ನಲ್ಲಿ "ಆಲ್ವೇಸ್" ಆರಿಸಿ, ಆಮೇಲೆ ಆರ್ಕೈವ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ "ಕೀಪ್ ಚಾಟ್ಸ್ ಆರ್ಕೈವ್ಡ್" ಆನ್ ಇರಲಿ. ಅದು ಆಫ್ ಇದ್ದರೆ ಹೊಸ ಮೆಸೇಜ್ ಬಂದ ಕೂಡಲೇ ಗ್ರೂಪು ಮತ್ತೆ ಮೇಲೆ ಬಂದು ಕೂರುತ್ತೆ. ಮೀಡಿಯಾ ಆಟೋ ಡೌನ್‌ಲೋಡ್ ನಿಲ್ಲಿಸಿ, ಫೋನಿನ ಜಾಗ ಉಳಿಯುತ್ತೆ. ಮದುವೆ, ಶ್ರಾದ್ಧ, ಗೃಹಪ್ರವೇಶದ ಸುದ್ದಿಗೆ ಬೇರೆ ಗ್ರೂಪು ಮಾಡಿ, ಅಡ್ಮಿನ್ ಮಾತ್ರ ಬರೆಯೋ ಹಾಗೆ.

ಎರಡು ಬಾಣದ ಗುರುತಿದ್ದರೆ ಆ ಮೆಸೇಜು ಐದು ಕೈ ಅಥವಾ ಹೆಚ್ಚು ದಾಟಿ ಬಂದದ್ದು. ಅದನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸೋಕಾಗೋದು. ಹಾಗಂತ ಸುಳ್ಳೇ ಅಂತಲ್ಲ, ಬರೆದವರು ಮನೆಯವರಲ್ಲ ಅಂತ ಮಾತ್ರ. ಹಿರಿಯರನ್ನ ಎಲ್ಲರೆದುರು ಗ್ರೂಪಿನಲ್ಲಿ ತಿದ್ದಬೇಡಿ. ಮೇಲೆ ಹೇಳಿದ ಸಂಸತ್ತಿನ ಉತ್ತರದ ಪಿಡಿಎಫ್ ಸಿಕ್ಕರೆ ಮಾವನಿಗೇ ಕಳಿಸಿ, ಗ್ರೂಪಿಗೆ ಅವರೇ ಹಾಕಲಿ.

ಎರಡು_ಡಬ್ಬಿ:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಆಧಾರ್ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ಹಾಕಿದೆ, ಪ್ರಶ್ನೆಯ ಕರಡು ಇನ್ನೂ 190 ಪದ ಇದೆ, ಕತ್ತರಿಸ್ತಿದೀನಿ. ಟಿವಿ ಹಿಂದೆ ಟಾರ್ಚ್ ಹಾಕಿ ನೋಡಿದೆ, ಹೆಡ್‌ಫೋನ್ ತೂತಿಲ್ಲ. ಆಪ್ಟಿಕಲ್ ಅಂದ್ರೆ ಸಣ್ಣ ಮುಚ್ಚಳ ಇರೋ ಚೌಕದ್ದಾ?

ಸ್ಪೀಕರ್_ಆಫ್:

ಅದೇ. ಟಿವಿ ಆನ್ ಇದ್ದಾಗ ಮುಚ್ಚಳ ತಳ್ಳಿದರೆ ಒಳಗೆ ಕೆಂಪು ಬೆಳಕು ಕಾಣುತ್ತೆ. ಹೊಸ ಕೇಬಲ್ಲಿನ ತುದಿಯಲ್ಲಿ ಪ್ಲಾಸ್ಟಿಕ್ ಟೋಪಿ ಇರುತ್ತೆ, ಅದನ್ನ ತೆಗೆದು ಸಿಕ್ಕಿಸಿ. ಟೋಪಿ ಸಮೇತ ಒತ್ತಿದರೆ ತೂತು ಮುರಿಯುತ್ತೆ.